ಎರೆಯೋ, ಎರ್ರವೋ? ಹೊಲ ಕೊಳ್ಳುವ ಮುನ್ನ ನೆಲದ ಮಾತು ತಿಳಿಯುವ ಬಗೆ

ಪಾವಗಡ, ಬಾಗೇಪಲ್ಲಿ, ಗುಡಿಬಂಡೆ ಕಡೆ ಹೊಲ ತೋರಿಸುವವರು ‘ಎರ್ರ ನೇಲ’ ಅಂದರೆ ಕೆಂಪು ನೆಲ ಅಂತ ಅರ್ಥ. ಅದನ್ನೇ ಅರ್ಧ ಕಿವಿಯಲ್ಲಿ ಕೇಳಿಸಿಕೊಂಡು ‘ಎರೆ ನೆಲ’ ಅಂತ ಬರೆದುಕೊಂಡರೆ ಅದು ಕಪ್ಪು ಮಣ್ಣಾಯಿತು. ಮೊದಲನೆಯದು ತೆಲುಗು, ಎರಡನೆಯದು ಕನ್ನಡ. ನಾಲಿಗೆಯ ಮೇಲೆ ಕೂದಲೆಳೆಯಷ್ಟು ಅಂತರ. ಆದರೆ ದೊಡ್ಡ ಮಳೆ ಬಿದ್ದ ಮೂರನೇ ದಿನ ಒಂದರಲ್ಲಿ ಆರಾಮಾಗಿ ಉಳಬಹುದು, ಇನ್ನೊಂದರಲ್ಲಿ ಟ್ರ್ಯಾಕ್ಟರ್ ಚಕ್ರ ಹೂತುಕೊಂಡು ಅಲ್ಲೇ ಕೂರುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಜಮೀನು ಕೊಳ್ಳುವವರಾಗಲಿ, ಬಿಟ್ಟುಹೋದ ಹೊಲಕ್ಕೆ ಮರಳುವವರಾಗಲಿ, ಊರಿನವರು ಮಣ್ಣಿಗೆ ಇಟ್ಟ ಹೆಸರನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಈ ಬಯಲುಸೀಮೆಯಲ್ಲಿ ಮಣ್ಣಿನ ಹೆಸರೆಂದರೆ ನೀರು ಅದರಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರ ಹೆಸರೇ. ಕೇಳಿದ ಮೇಲೆ ಕೈಯಲ್ಲಿ ಪರೀಕ್ಷೆ ಮಾಡಬೇಕು.

ಬೇಕಾಗುವ ಸಾಮಾನು ಹೆಚ್ಚಿಲ್ಲ: ಗುದ್ದಲಿ, ಹಾರೆ, ಗುಂಡಿಯೊಂದಕ್ಕೆ 20 ಲೀಟರಿನ ಮೂರು ಕ್ಯಾನ್ ನೀರು, ಒಂದು ಲೀಟರಿನ ಖಾಲಿ ಬಾಟಲಿ ಎರಡು ಮೂರು, ಅಳತೆ ಟೇಪು, ಸ್ವಲ್ಪ ವಿನೆಗರ್, ಪ್ಲಾಸ್ಟಿಕ್ ಬಕೆಟ್. ಒಂದು ಇಡೀ ದಿನ, ಮಾರನೇ ದಿನ ಬೆಳಿಗ್ಗೆ ಇನ್ನೊಂದೆರಡು ಗಂಟೆ.

ಮೊದಲು ಕಾಗದದ ಮಾತನ್ನು ಬೇರೆ ಇಡಿ

ಪಹಣಿಯಲ್ಲಿರುವ ಪದಗಳೂ ನೆಲದ ಬಗ್ಗೆಯೇ ಮಾತಾಡುತ್ತವೆ, ಆದರೆ ಬೆಳೆಗಾರನ ಪದಗಳಿಗೂ ಅವಕ್ಕೂ ಸಂಬಂಧ ಕಡಿಮೆ. ಖುಷ್ಕಿ, ತರಿ, ಬಾಗಾಯ್ತು, ಈ ಮೂರೂ ಪಾರಸಿ ಮೂಲದವು: ಒಣ, ಹಸಿ, ತೋಟ. ಕಂದಾಯ ಎಷ್ಟು ಹಾಕಬೇಕು ಎಂದು ನಿರ್ಧರಿಸಲು ಮಾಡಿಕೊಂಡ ವಿಂಗಡಣೆ. ಕೆರೆ ಬತ್ತಿ ಇಪ್ಪತ್ತು ವರ್ಷವಾದ ಅಚ್ಚುಕಟ್ಟಿನ ಗದ್ದೆ ಪಹಣಿಯಲ್ಲಿ ಇನ್ನೂ ‘ತರಿ’ ಆಗಿಯೇ ಉಳಿದಿರುತ್ತದೆ, ಬೋರ್‌ವೆಲ್ ಹಾಕಿ ದಾಳಿಂಬೆ ಬೆಳೆದ ಜಾಗ ‘ಖುಷ್ಕಿ’ ಆಗಿಯೇ ಇರುತ್ತದೆ. ‘ಮಣ್ಣಿನ ನಮೂನೆ’ ಎಂಬ ಕಾಲಮ್ಮಿನಲ್ಲಿ ‘ಕೆಂಪು’ ಎಂದಿದ್ದರೆ ಅದನ್ನು ನಂಬಿ ಸಸಿ ತರಬೇಡಿ. ಒಂದು ಸರ್ವೆ ನಂಬರಿನೊಳಗೇ ಮೂರು ಬಗೆಯ ಮಣ್ಣಿರುವುದು ಇಲ್ಲಿ ಮಾಮೂಲು.

ಹೆಚ್ಚು ಜನ ಮೋಸ ಹೋಗುವ ಪದ ‘ಖರಾಬು’. ಇದು ಕೆಟ್ಟ ಮಣ್ಣು ಅಂತಲ್ಲ. ಸರ್ವೆ ಕಾಲದಲ್ಲಿ ಸಾಗುವಳಿಗೆ ಬಾರದ್ದೆಂದು ಕಂದಾಯ ಹಾಕದೆ ಬಿಟ್ಟ ಭಾಗ ಅದು. ಬಂಡೆ, ಕಣ, ಹೊಲದ ಮನೆ ಇಂಥವು ‘ಅ’ ಖರಾಬು; ಹಿಡುವಳಿದಾರನ ಕೈಯಲ್ಲೇ ಇರುತ್ತದೆ. ದಾರಿ, ಹಳ್ಳ, ಕಾಲುವೆ, ಕೆರೆ, ಸ್ಮಶಾನಕ್ಕೆಂದು ಬಿಟ್ಟದ್ದು ‘ಬ’ ಖರಾಬು. ಇದು ಸಾರ್ವಜನಿಕರದ್ದು, ಮಾರಲು ಯಾರಿಗೂ ಹಕ್ಕಿಲ್ಲ. ಪಹಣಿಯ ಮೂರನೇ ಕಾಲಮ್ಮಿನಲ್ಲಿ ಒಟ್ಟು ವಿಸ್ತೀರ್ಣ 4-20, ‘ಬ’ ಖರಾಬು 0-30 ಎಂದಿದ್ದರೆ ನೀವು ಕೊಳ್ಳುತ್ತಿರುವುದು 3 ಎಕರೆ 30 ಗುಂಟೆ ಮಾತ್ರ. ಆ 4-20 ಎನ್ನುವುದನ್ನು ನಾಲ್ಕು ಪಾಯಿಂಟ್ ಎರಡು ಎಕರೆ ಎಂದು ಓದುವವರೂ ಇದ್ದಾರೆ. ಎಕರೆಗೆ 40 ಗುಂಟೆ, ಆದ್ದರಿಂದ ಅದು ನಾಲ್ಕೂವರೆ ಎಕರೆ. ಗುಂಟೆಗೆ 33 ಅಡಿ ಉದ್ದ 33 ಅಡಿ ಅಗಲ, ಅಂದರೆ 1,089 ಚದರ ಅಡಿ. ಅದರ ಹದಿನಾರನೇ ಒಂದು ಭಾಗ ಆಣೆ.

‘ಬೀಳು’ ಕೂಡ ಎರಡು ಬಾಯಿಯ ಪದ. ರೈತ ‘ಬೀಳು ಬಿಟ್ಟಿದೀವಿ’ ಅಂದರೆ ಈ ವರ್ಷ ಉತ್ತಿಲ್ಲ ಅಂತ. ಪಹಣಿ ‘ಸರ್ಕಾರಿ ಬೀಳು’ ಅಂದರೆ ಮಾಲೀಕ ಸರ್ಕಾರ ಅಂತ. ಗೋಮಾಳ, ಗುಂಡುತೋಪು, ಕೆರೆ ಅಂಗಳ, ಚಿಕ್ಕನಾಯಕನಹಳ್ಳಿ–ತಿಪಟೂರು ಕಡೆಯ ಅಮೃತಮಹಲ್ ಕಾವಲು, ಇವೂ ಮಾರಾಟಕ್ಕಿಲ್ಲದ ಸರ್ಕಾರಿ ನೆಲ, ಎಷ್ಟೇ ಒಳ್ಳೆ ಮಣ್ಣಿನವಾದರೂ ನೋಡಲು ಹೋಗುವುದೇ ದಂಡ. ಅರ್ಜಿ ಹಾಕಿ ಸರ್ಕಾರದಿಂದ ಮಂಜೂರಾದ ದರಖಾಸ್ತು ಜಮೀನಾದರೆ 1978ರ ಪರಿಶಿಷ್ಟರ ಭೂಮಿ ಪರಭಾರೆ ನಿಷೇಧ ಕಾಯ್ದೆ ಅನ್ವಯಿಸುತ್ತದೆಯೇ ಎಂದು ವಕೀಲರ ಬಳಿ ಕೇಳಿಸಿಕೊಂಡೇ ಮುಂದಿನ ಹೆಜ್ಜೆ ಇಡಿ.

ಕಾಗದ ಮುಚ್ಚಿಡಿ. ಇನ್ನು ಗುದ್ದಲಿ.

ದಿಣ್ಣೆಯಿಂದ ತಗ್ಗಿಗೆ ನಡೆಯಿರಿ

ಹೊಲದ ಮಧ್ಯದಲ್ಲಿ ನಿಂತು ನಾಲ್ಕು ಕಡೆ ಕಣ್ಣಾಡಿಸಿದರೆ ಏನೂ ತಿಳಿಯುವುದಿಲ್ಲ. ಎತ್ತರದ ಬದುವಿನಿಂದ ಶುರುಮಾಡಿ ನೀರು ಹರಿಯುವ ದಿಕ್ಕಿಗೇ ಇಳಿಯಿರಿ. ಈ ಮೂರು ಜಿಲ್ಲೆಗಳ ಮಣ್ಣಿನ ಬಹುಪಾಲು ತಳದ ಗ್ರಾನೈಟು, ‘ನೈಸ್’ (gneiss) ಎಂಬ ಪಟ್ಟೆಪಟ್ಟೆಯ ಕಲ್ಲು ಸವೆದು ಆದದ್ದು. ಸಾವಿರಾರು ವರ್ಷ ಮಳೆ ಅದನ್ನು ಜರಡಿ ಹಿಡಿದಿದೆ: ದಪ್ಪದ್ದು ಮೇಲೆ ಉಳಿದಿದೆ, ನುಣುಪಾದದ್ದು ಕೆಳಗೆ ಜಾರಿದೆ. ಆದ್ದರಿಂದ ಇಳಿಜಾರಿನ ಯಾವ ಮೆಟ್ಟಿಲಲ್ಲಿ ನಿಂತಿದ್ದೀರಿ ಎಂಬುದೇ ಅರ್ಧ ಉತ್ತರ.

ತಲೆಭಾಗದಲ್ಲಿ ಸಿಗುವುದು ಬೋರೆ ಅಥವಾ ದಿಣ್ಣೆ ನೆಲ. ಕಾಲಿಗೆ ಚುಚ್ಚುವ ಗರಸು, ಅಲ್ಲಲ್ಲಿ ಬಿಳಿ ಬೆಣಚುಕಲ್ಲು. ಬೆಣಚು ಬೇಗ ಕರಗದ ಕಲ್ಲು; ಹಾಗಾಗಿ ನೆಲದ ಮೇಲೆಲ್ಲ ಅದೇ ಚೆಲ್ಲಿಕೊಂಡಿದ್ದರೆ ಅಲ್ಲಿದ್ದ ಮೇಲ್ಮಣ್ಣು ಕೊಚ್ಚಿಹೋಗಿದೆ ಎಂದು ಓದಿಕೊಳ್ಳಿ. ಹುರುಳಿ, ಸಾಮೆ ಬಂದಾವು. ರಾಗಿ ಹದಿನೈದು ದಿನ ಮಳೆ ತಪ್ಪಿದರೆ ಸುರುಟಿಕೊಳ್ಳುತ್ತದೆ. ಅದರ ಕೆಳಗಿನ ಮಟ್ಟಸ ನೆಲ ಬೆದ್ದಲು, ಅಂದರೆ ಮಳೆ ನೆಚ್ಚಿದ ಹೊಲ. ಕೆಂಪು ಮರಳುಗೋಡು ಇಲ್ಲಿ ಒಂದೂವರೆಯಿಂದ ಮೂರು ಅಡಿವರೆಗೆ ಸಿಗಬಹುದು. ರಾಗಿ, ಅವರೆ, ತೊಗರಿ, ಕಡಲೆಕಾಯಿಯ ಜಾಗ ಇದೇ. ಇನ್ನೂ ಇಳಿದರೆ ಗದ್ದೆಬಯಲು. ಬಣ್ಣ ಕೆಂಪಿನಿಂದ ಕಂದಿಗೆ, ಕಂದಿನಿಂದ ಬೂದಿಗೆ ತಿರುಗುತ್ತದೆ, ಹೆಜ್ಜೆಗೆ ಮಣ್ಣು ಅಂಟುತ್ತದೆ. ಕೊನೆಗೆ ಕೆರೆ ಅಂಗಳದ ಗೋಡು, ಅಂದರೆ ನೀರು ತಂದು ಕೂರಿಸಿದ ನುಣುಪು ಹೂಳು.

ಮೇಲಿನಿಂದ ಕೆಳಗಿನವರೆಗೆ ನಡೆದಾಗ ಬಣ್ಣ ಬದಲಾಗುವ ಜಾಗಗಳಲ್ಲಿ ಒಂದೊಂದು ಕಡ್ಡಿ ನೆಡಿ. ಗುಂಡಿ ತೆಗೆಯಬೇಕಾದದ್ದು ಆ ಕಡ್ಡಿಗಳ ನಡುವಿನ ಪಟ್ಟಿಗಳಲ್ಲಿ. ಗಡಿಯ ಮೇಲೇ ತೆಗೆದರೆ ಎರಡರ ಗುಣವೂ ತಿಳಿಯುವುದಿಲ್ಲ.

ಗುಂಡಿ ತೆಗೆದು ಗೋಡೆ ನೋಡಿ

ಒಂದೊಂದು ಪಟ್ಟಿಗೆ ಒಂದು ಗುಂಡಿ: 3 ಅಡಿ ಉದ್ದ, 2 ಅಡಿ ಅಗಲ, 3 ಅಡಿ ಆಳ. ತೆಂಗು, ಮಾವು ಹಾಕುವ ಮನಸ್ಸಿದ್ದರೆ 5 ಅಡಿಗೆ ಇಳಿಸಿ. ಜೆಸಿಬಿ ಬಕೆಟ್ಟಿನಲ್ಲಿ ಕೆರೆದ ಗೋಡೆ ನಯವಾಗಿ ಮೆತ್ತಿಕೊಂಡು ಪದರ ಮುಚ್ಚಿಹೋಗುತ್ತದೆ. ಕೈಯಲ್ಲೇ ತೆಗೆಸಿ, ಸೂರ್ಯನ ಬೆಳಕು ಬೀಳುವ ಕಡೆಯ ಗೋಡೆಯನ್ನು ಚಾಕುವಿನಲ್ಲಿ ಕೆತ್ತಿ.

ನೋಡಬೇಕಾದದ್ದು ನಾಲ್ಕು. ಬೇರು ಎಲ್ಲಿಯವರೆಗೆ ಇಳಿದಿದೆ; ಅದು ನಿಂತ ಜಾಗವೇ ನಿಮ್ಮ ನಿಜವಾದ ಮಣ್ಣಿನ ಆಳ, ಮಾರುವವರು ಹೇಳುವ ಆಳ ಏನೇ ಇರಲಿ. ಗರಸು ಎಷ್ಟು ಅಡಿಗೆ ಶುರುವಾಗುತ್ತದೆ, ಹಾರೆ ಹಾಕಿದರೆ ಪುಡಿಯಾಗುತ್ತದೆಯೋ ಟಣ್ ಎನ್ನುತ್ತದೆಯೋ; ಪುಡಿಯಾದರೆ ಮಾವಿನ ಬೇರು ದಾರಿ ಮಾಡಿಕೊಳ್ಳುತ್ತದೆ, ಶ್ರೀನಿವಾಸಪುರದ ಎಷ್ಟೋ ಮಾವಿನ ತೋಪು ಇಂಥ ಗರಸಿನ ಮೇಲೇ ನಿಂತಿರುವುದು. ಕೆಂಪು ಗೋಡೆಯಲ್ಲಿ ಬೂದಿ ಅಥವಾ ಹಳದಿ ಚುಕ್ಕೆಗಳಿವೆಯೇ. ಮಣ್ಣಿನ ಕೆಂಪು ಎಂದರೆ ಗಾಳಿಯಾಡುವ ಕಬ್ಬಿಣದ ತುಕ್ಕು, ಅದು ಬೂದಿಯಾಗಿದೆ ಎಂದರೆ ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ ನೀರು ನಿಂತು ಉಸಿರು ಕಟ್ಟುತ್ತದೆ. ನಾಲ್ಕನೆಯದು ಬಿಳಿ ಗಂಟುಗಳು. ಅವುಗಳ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ. ಬುಸ್ಸೆಂದು ನೊರೆ ಬಂದರೆ ಸುಣ್ಣಕಲ್ಲು. ಅಲ್ಲಿ ಕಬ್ಬಿಣ, ಸತು ಇದ್ದರೂ ಗಿಡಕ್ಕೆ ಸಿಗದೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ನೊರೆ ಬಾರದಿದ್ದರೆ ಅದು ಬೆಣಚಿನ ಚೂರು, ತಲೆ ಕೆಡಿಸಿಕೊಳ್ಳಬೇಕಿಲ್ಲ.

ಅರ್ಧ ಅಡಿಯ ಕೆಳಗೆ ಎರಡು ಮೂರು ಇಂಚು ದಪ್ಪದ ಬಿಗಿ ಪಟ್ಟಿ ಕಂಡರೆ ಅದು ದೇವರು ಮಾಡಿದ್ದಲ್ಲ. ವರ್ಷಾನುಗಟ್ಟಲೆ ಒಂದೇ ಆಳಕ್ಕೆ ರೋಟವೇಟರ್ ಹೊಡೆದದ್ದರ ಫಲ. ಬೇಸಿಗೆಯಲ್ಲಿ ನೆಲ ಒಣಗಿದ್ದಾಗ ಆಳದ ಉಳುಮೆ ಮಾಡಿದರೆ ಒಡೆಯುತ್ತದೆ. ಹಸಿಯಲ್ಲಿ ಮಾಡಿದರೆ ಇನ್ನಷ್ಟು ಗಾರೆ ಹಾಕಿದಂತಾಗುತ್ತದೆ.

ಎಲ್ಲ ನೋಡಿ ಆದಮೇಲೆ ಸಂಜೆ ಗುಂಡಿಯ ತಳದಲ್ಲಿ ಒಂದಡಿ ಅಗಲ ಒಂದಡಿ ಆಳದ ಪುಟ್ಟ ಗುಳಿ ಮಾಡಿ ನೀರು ತುಂಬಿ ಬಿಡಿ. ಮಾರನೇ ಬೆಳಿಗ್ಗೆ ಮತ್ತೆ ತುಂಬಿ, ಗಂಟೆಗೆ ಎಷ್ಟು ಇಂಚು ಇಳಿಯಿತು ಎಂದು ಅಳೆಯಿರಿ. ಒಂದರಿಂದ ಮೂರು ಇಂಚು ಇಳಿದರೆ ಒಳ್ಳೆಯ ಬಸಿ. ಅರ್ಧ ಇಂಚೂ ಇಳಿಯದಿದ್ದರೆ ತೋಟದ ಬೆಳೆಗೆ ಬಸಿಗಾಲುವೆ ತೆಗೆಯದೆ ಗತಿಯಿಲ್ಲ. ನಾಲ್ಕು ಇಂಚು ದಾಟಿದರೆ ಗೊಬ್ಬರ, ನೀರು ಎರಡನ್ನೂ ಒಟ್ಟಿಗೆ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕಾದ ನೆಲ. ಮೊದಲ ಸಲ ತುಂಬಿದ ನೀರನ್ನೇ ಅಳೆದು ‘ಚೆನ್ನಾಗಿ ಇಂಗುತ್ತೆ’ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಒಣ ಮಣ್ಣು ಮೊದಲ ಸಲ ಯಾವಾಗಲೂ ಗಟಗಟ ಕುಡಿಯುತ್ತದೆ.

ಕೈಯಲ್ಲಿ ಹೊಸೆದು ಹೆಸರು ಹಿಡಿಯಿರಿ

ಒಂದು ಹಿಡಿ ಮಣ್ಣಿನಿಂದ ಕಲ್ಲು, ಬೇರು ಆರಿಸಿ, ಚಪಾತಿ ಹಿಟ್ಟಿನ ಹದಕ್ಕೆ ನೀರು ಕಲಸಿ ಎರಡು ನಿಮಿಷ ನಾದಿ. ಉಂಡೆಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿಯಂತೆ ಹೊರಗೆ ತಳ್ಳಿ, ತಾನಾಗಿ ಮುರಿಯುವ ತನಕ.

ಉಂಡೆಯೇ ಕಟ್ಟದಿದ್ದರೆ ಮರಳು. ಉಂಡೆ ಕಟ್ಟಿ, ಪಟ್ಟಿ ಒಂದು ಇಂಚಿನೊಳಗೆ ಮುರಿದರೆ ಮರಳುಗೋಡು. ಚಿಕ್ಕಬಳ್ಳಾಪುರದ ಆಲೂಗಡ್ಡೆ, ಕ್ಯಾರೆಟ್ಟಿಗೆ, ಚಿಂತಾಮಣಿ–ಪಾವಗಡದ ಕಡಲೆಕಾಯಿಗೆ ಇದು ಹೇಳಿಮಾಡಿಸಿದ್ದು. ಒಂದರಿಂದ ಎರಡು ಇಂಚು ಬಂದು, ಕೈಗೆ ಕೆಂಪು ಬಣ್ಣ ಹತ್ತಿ ಬೇಗ ಬಿಡದಿದ್ದರೆ ಕೆಬ್ಬೆ. ಹಸಿಯಲ್ಲಿ ಜಿಗುಟು, ಒಣಗಿದರೆ ಹೆಂಟೆ ಇಟ್ಟಿಗೆ. ಆದರೆ ತೇವ ಹಿಡಿಯುವುದರಲ್ಲಿ ಮರಳುಗೋಡಿಗಿಂತ ಎಷ್ಟೋ ಮೇಲು. ಇದರಲ್ಲಿ ಕಡಲೆಕಾಯಿ ಬಿತ್ತಿದರೆ ಕೀಳುವಾಗ ಗಿಡ ಕೈಗೆ, ಕಾಯಿ ನೆಲಕ್ಕೆ. ಎರಡು ಇಂಚು ದಾಟಿ ಪಟ್ಟಿ ಹೊಳೆಯುತ್ತಾ ಬಂದರೆ ಜೇಡಿ ಅಥವಾ ಎರೆ. ಎರೆಯಾದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಟ್ಟಿರುತ್ತದೆ, ಬೇರೆ ಸಾಕ್ಷಿ ಬೇಡ. ಶಿರಾ, ಪಾವಗಡದ ಕಡೆ ಇಂಥ ಪಟ್ಟಿಗಳಿವೆ. ಇದರ ಮೇಲೆ ಮನೆ ಕಟ್ಟುವವರು ಇಂಜಿನಿಯರನ್ನು ಕೇಳದೆ ಪಾಯ ತೆಗೆಯಬಾರದು. ಮಣ್ಣು ಹಿಗ್ಗಿ ಕುಗ್ಗಿ ಗೋಡೆ ಸೀಳುತ್ತದೆ.

ಅನುಮಾನ ಉಳಿದರೆ ಬಾಟಲಿ. ಮೂರನೇ ಒಂದು ಭಾಗ ಜರಡಿ ಹಿಡಿದ ಮಣ್ಣು, ಬಾಟಲಿಯ ಮುಕ್ಕಾಲಿಗೂ ಮೇಲೆ ಬರುವಷ್ಟು ನೀರು, ಒಂದು ಚಿಟಿಕೆ ಬಟ್ಟೆ ತೊಳೆಯುವ ಪುಡಿ. ಐದು ನಿಮಿಷ ಕುಲುಕಿ ಅಲ್ಲಾಡದಂತೆ ಇಡಿ. ಒಂದು ನಿಮಿಷದಲ್ಲಿ ತಳಕ್ಕೆ ಕೂತದ್ದು ಮರಳು, ಎರಡು ಗಂಟೆಯಲ್ಲಿ ಅದರ ಮೇಲೆ ಕೂತದ್ದು ಗೋಡಿನ ಕಣ, ಮಾರನೇ ದಿನಕ್ಕೆ ಕೂತದ್ದು ಜೇಡಿ. ಆಯಾ ಹೊತ್ತಿಗೆ ಬಾಟಲಿಯ ಮೇಲೆ ಪೆನ್ನಿನಲ್ಲಿ ಗೆರೆ ಹಾಕಿದರೆ ಲೆಕ್ಕ ಸುಲಭ.

ತೆಲುಗು ಬೆರೆತ ಊರುಗಳಲ್ಲಿ ಇನ್ನೂ ಕೆಲವು ಮಾತು ಕಿವಿಗೆ ಬೀಳುತ್ತವೆ. ಇಸುಕ ಅಂದರೆ ಮರಳು, ನಲ್ಲ ರೇಗಡಿ ಅಂದರೆ ನಮ್ಮ ಎರೆ, ಮೆಟ್ಟ ಅಂದರೆ ನೀರಾವರಿಯಿಲ್ಲದ ಒಣ ನೆಲ, ಚೌಡು ಅಂದರೆ ಚೌಳು ಅಥವಾ ಸೌಳು, ಉಪ್ಪು ಇಲ್ಲವೇ ಕ್ಷಾರ ಏರಿದ ನೆಲ. ‘ಕುಂಟೆ ಐತೆ’ ಅಂದಾಗ ಮಾತ್ರ ಯಾವ ಕುಂಟೆ ಅಂತ ಕೇಳಿಬಿಡಿ: ನೀರು ನಿಲ್ಲುವ ಪುಟ್ಟ ಕೆರೆಯೂ ಕುಂಟೆ, ಹೊಲ ಹದ ಮಾಡುವ ಸಲಕರಣೆಯೂ ಕುಂಟೆ, ಆತುರದಲ್ಲಿ ಗುಂಟೆಯೂ ಹಾಗೇ ಕೇಳಿಸುತ್ತದೆ.

ಮಧುಗಿರಿ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ‘ತಲಪರಿಗೆ’ ಎಂಬ ಪದ ಸಿಕ್ಕರೆ ಕಿವಿ ನಿಮಿರಬೇಕು. ಮರಳಿನ ಪದರದೊಳಗೆ ನೀರು ಕೂತು ಕೈಗೆಟುಕುವ ಆಳದಲ್ಲೇ ಒಸರುವ ಜಾಗ ಅದು. ಈಗ ಒಸರದಿದ್ದರೂ ಹಳೆಯ ತಲಪರಿಗೆಯ ಆಸುಪಾಸಿನ ಹೊಲದಲ್ಲಿ ಮರಳು ಎಷ್ಟು ಆಳಕ್ಕಿದೆ ಎಂದು ತಿಳಿದುಕೊಳ್ಳುವುದು ಲಾಭ.

ಸೌಳು: ಬಿಳಿಯೋ ಕರಿಯೋ

ಕೆರೆಯ ಕೆಳಗಿನ ತಗ್ಗಿನಲ್ಲಿ, ಬೋರ್‌ವೆಲ್ ನೀರನ್ನೇ ವರ್ಷಗಟ್ಟಲೆ ಹಾಯಿಸಿದ ತೋಟಗಳಲ್ಲಿ ಬೇಸಿಗೆಗೆ ನೆಲದ ಮೇಲೆ ಹುಡಿ ಏಳುತ್ತದೆ. ಊರವರು ಎರಡನ್ನೂ ಸೌಳು ಎನ್ನುತ್ತಾರೆ, ಮದ್ದು ಮಾತ್ರ ಬೇರೆ ಬೇರೆ. ಬಿಳಿ ಉಪ್ಪಿನ ಪದರ ಕಂಡು, ಮಣ್ಣು ಮೆತ್ತಗೆ ಉದುರಾಗಿದ್ದರೆ ಅದು ಕರಗುವ ಉಪ್ಪು. ಬದು ಕಟ್ಟಿ ಒಳ್ಳೆಯ ನೀರು ನಿಲ್ಲಿಸಿ ಕೆಳಕ್ಕೆ ಬಸಿದರೆ ಹೋಗುತ್ತದೆ. ಬಸಿಗಾಲುವೆ ಇಲ್ಲದೆ ನೀರು ನಿಲ್ಲಿಸಿದರೆ ಮುಂದಿನ ಬೇಸಿಗೆಗೆ ದುಪ್ಪಟ್ಟಾಗಿ ಮೇಲೇರುತ್ತದೆ. ಒಣಗಿದಾಗ ಕರಿ ಎಣ್ಣೆ ಸವರಿದಂಥ ಕಲೆ, ಮಳೆ ಬಿದ್ದರೆ ಸಾಬೂನಿನಂತೆ ಜಾರಿಕೆ, ನೀರು ಎರಡು ದಿನವಾದರೂ ಕದಡಿಯೇ ನಿಂತಿರುವುದು, ಇದು ಸೋಡಿಯಂ ಏರಿದ ಕ್ಷಾರದ ನೆಲ. ಹಿಂದೆ ಮಡಿವಾಳರು ಬಟ್ಟೆ ಒಗೆಯಲು ಸೌಳು ಮಣ್ಣು ಹೊತ್ತೊಯ್ಯುತ್ತಿದ್ದದ್ದು ಈ ಗುಣಕ್ಕೇ. ಬರೀ ನೀರು ಹಾಯಿಸಿದರೆ ಇದು ಇನ್ನೂ ಬಿಗಿಯುತ್ತದೆ. ಮೊದಲು ಜಿಪ್ಸಮ್ ಬೆರೆಸಬೇಕು, ಆಮೇಲೆ ನೀರು. ಎಕರೆಗೆ ಎಷ್ಟು ಎಂಬುದನ್ನು ಪ್ರಯೋಗಾಲಯದ ವರದಿ ನೋಡಿಯೇ ಹೇಳಬೇಕು. ಪಕ್ಕದ ಹೊಲದವರ ಲೆಕ್ಕ ನಿಮಗೆ ಕೂರುವುದಿಲ್ಲ.

ಗೋಡು ಹೊಡೆಸುವುದಾದರೆ

ಬೋರೆ ನೆಲಕ್ಕೂ ಮರಳು ನೆಲಕ್ಕೂ ಕೆರೆ ಗೋಡಿನಷ್ಟು ಒಳ್ಳೆಯ ಮದ್ದಿಲ್ಲ. ಮೇಲಿನಿಂದ ಜಾರಿಹೋದ ನುಣುಪು ಮಣ್ಣನ್ನೇ ವಾಪಸ್ ತಂದು ಹಾಕುವ ಕೆಲಸ ಅದು. ಲೆಕ್ಕ ಹೀಗೆ: ಎಕರೆಗೆ 43,560 ಚದರ ಅಡಿ, ಒಂದು ಇಂಚು ದಪ್ಪ ಹರಡಲು 3,630 ಘನ ಅಡಿ ಬೇಕು. ಟ್ರೇಲರಿಗೆ 100 ಘನ ಅಡಿ ಹಿಡಿದರೆ 36 ಲೋಡು. ಮೊದಲ ವರ್ಷಕ್ಕೆ ಅರ್ಧ ಇಂಚು, ಅಂದರೆ 18 ಲೋಡು ಸಾಕು. ‘ಹೇಗೂ ಸಿಗ್ತಿದೆ’ ಅಂತ ಮೂರು ಇಂಚು ಸುರಿದವರ ಹೊಲ ಮೊದಲ ಮಳೆಗೇ ಹಕ್ಕಳೆ ಕಟ್ಟಿ ರಾಗಿ ಮೊಳಕೆ ಮೇಲೇಳಲಾರದೆ ಒಳಗೇ ಮಡಚಿಕೊಳ್ಳುತ್ತದೆ.

ಸಣ್ಣ ನೀರಾವರಿ ಇಲಾಖೆಯದೋ ಪಂಚಾಯ್ತಿಯದೋ, ಆ ಕೆರೆ ಯಾರದೋ ಅವರ ಅನುಮತಿ ಮೊದಲು. ಏರಿ, ತೂಬಿನ ಹತ್ತಿರ ಅಗೆಯಬಾರದು. ಮೇಲಿನ ಕಪ್ಪು ಮೆತ್ತನೆಯ ಪದರ ಮುಗಿದು ಗಟ್ಟಿ ಜೇಡಿ ಬಂದಲ್ಲಿಗೆ ನಿಲ್ಲಿಸಿ. ಅದನ್ನೂ ಎತ್ತಿದರೆ ಕೆರೆ ಸೋರುತ್ತದೆ, ಹೊಲಕ್ಕೂ ಅದರಿಂದ ಲಾಭವಿಲ್ಲ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ತುಂಬಿಸುವ ಕೆರೆಗಳ ಗೋಡಾದರೆ ಲವಣ ಮತ್ತು ಭಾರಲೋಹಗಳ ಪರೀಕ್ಷೆ ಮಾಡಿಸದೆ ತರಬೇಡಿ. ಏಪ್ರಿಲ್–ಮೇ ತಿಂಗಳಲ್ಲಿ ಹೊಡೆಸಿ, ಗುಡ್ಡೆ ಗುಡ್ಡೆಯಾಗಿ ಬಿಡದೆ ಹರಡಿ, ಬಿಸಿಲಿಗೆ ಹೆಂಟೆ ಬಿರಿದು ಮುಂಗಾರು ಪೂರ್ವದ ಮಳೆಗೆ ಪುಡಿಯಾದ ಮೇಲೆ ಉಳುಮೆ ಮಾಡಿ. ಗೋಡಿನ ಜತೆ ಬಳ್ಳಾರಿ ಜಾಲಿಯ ಬೀಜ ಬಂದೇ ಬರುತ್ತದೆ. ಗೇಣುದ್ದ ಇರುವಾಗಲೇ ಕಿತ್ತುಬಿಡಿ. ಎರೆ ನೆಲಕ್ಕೆ, ಕೆಬ್ಬೆಗೆ ಗೋಡು ಬೇಡವೇ ಬೇಡ.

ಪ್ರಯೋಗಾಲಯಕ್ಕೆ ಮಣ್ಣು ಕಳಿಸುವಾಗ

ಕೈಪರೀಕ್ಷೆ ನೀರಿನ ಗುಣ ಹೇಳುತ್ತದೆ, ಸಾರ ಹೇಳುವುದಿಲ್ಲ. ಕಡ್ಡಿ ನೆಟ್ಟು ವಿಂಗಡಿಸಿದ ಪಟ್ಟಿಗೊಂದು ಪ್ರತ್ಯೇಕ ಮಾದರಿ ತೆಗೆಯಿರಿ. ಅಂಕುಡೊಂಕಾಗಿ ನಡೆದು 8ರಿಂದ 10 ಕಡೆ ಮೇಲಿನ ಕಸ ಸರಿಸಿ, ಇಂಗ್ಲಿಷಿನ ‘ವಿ’ ಅಕ್ಷರದಂತೆ 6 ಇಂಚು ಆಳಕ್ಕೆ ಅಗೆದು, ಗೋಡೆಯ ಒಂದು ಇಂಚು ದಪ್ಪದ ಹೋಳನ್ನು ಮೇಲಿಂದ ಕೆಳಗಿನವರೆಗೆ ಕೆತ್ತಿ ಬಕೆಟ್ಟಿಗೆ ಹಾಕಿ. ತೋಟದ ಬೆಳೆಯಾದರೆ 1, 2, 3 ಅಡಿಗಳ ಮಾದರಿಗಳು ಬೇರೆ ಬೇರೆ. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ, ದಾರಿಯ ಅಂಚು ಬಿಡಿ. ಬೆರೆಸಿ ವೃತ್ತವಾಗಿ ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಎಸೆದು ಉಳಿದದ್ದನ್ನು ಮತ್ತೆ ಬೆರೆಸಿ, ಹೀಗೆ ಅರ್ಧ ಕಿಲೋಗೆ ಇಳಿಸಿ. ನೆರಳಲ್ಲೇ ಒಣಗಿಸಿ. ಯೂರಿಯಾ ಚೀಲದಲ್ಲಿ ತುಂಬಿ ಕೊಟ್ಟರೆ ವರದಿಯಲ್ಲಿ ಬರುವುದು ಆ ಚೀಲದ ಸಾರ.

ತುಮಕೂರಿನವರಿಗೆ ತಿಪಟೂರಿನ ಕೊನೇಹಳ್ಳಿ ಮತ್ತು ಹಿರೇಹಳ್ಳಿ, ಕೋಲಾರಕ್ಕೆ ಟಮಕ, ಚಿಕ್ಕಬಳ್ಳಾಪುರಕ್ಕೆ ಚಿಂತಾಮಣಿ ಬಳಿಯ ಕುರುಬೂರು, ಈ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ. ವರದಿಯಲ್ಲಿ ರಸಸಾರ (ಪಿಎಚ್) 6.5ರಿಂದ 7.5ರೊಳಗಿದ್ದರೆ ಹೆಚ್ಚಿನ ಬೆಳೆಗೆ ತೊಂದರೆಯಿಲ್ಲ. ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಹಾಕುವವರಿಗೆ 6.2ರಿಂದ 6.8 ಒಳ್ಳೆಯದು. ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ಕೊಟ್ಟಿಗೆ ಗೊಬ್ಬರಕ್ಕೆ ದಾರಿ ಹುಡುಕಿದ ಮೇಲೆಯೇ ರಸಗೊಬ್ಬರದ ಮಾತು. ಕೆಂಪು ಮರಳು ನೆಲದಲ್ಲಿ ಈ ಅಂಕಿ ಕಡಿಮೆ ಬಂದರೆ ಆಶ್ಚರ್ಯಪಡಬೇಡಿ.

ಕೊನೆಗೆ ಹದ

ಯಾವ ಮಣ್ಣೇ ಆಗಲಿ, ಉಳಲು ಬಿತ್ತಲು ಬೇಕಾದ ಹಸಿಗೆ ಹದ ಎಂದು ಹೆಸರು, ಕೆಲವು ಕಡೆ ಬೆದೆ. ಮಳೆಯಾದ ಮೇಲೆ ನಾಲ್ಕು ಇಂಚು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಬಿಗಿಯಾಗಿ ಅಮುಕಿ, ಸೊಂಟದೆತ್ತರದಿಂದ ಬಿಡಿ. ಉಂಡೆ ನೆಲಕ್ಕೆ ಬಿದ್ದು ಪುಡಿಪುಡಿಯಾದರೆ ಹದ. ಹಾಗೇ ಚಪ್ಪಟೆಯಾಗಿ ಕೂತರೆ ಇನ್ನೂ ಕಾಯಿರಿ. ಈಗ ಉತ್ತರೆ ಸಾಲಿನ ಗೋಡೆ ಮಿರಮಿರ ಹೊಳೆಯುತ್ತದೆ, ಒಣಗಿದ ಮೇಲೆ ಹೆಂಟೆ ಒಡೆಯಲು ಎರಡು ಪಟ್ಟು ಡೀಸೆಲ್ಲು. ಉಂಡೆಯೇ ಕಟ್ಟದಿದ್ದರೆ ಹದ ಮೀರಿದೆ. ಎರೆಯಲ್ಲಿ ಈ ಹದ ಬರಲು ಐದಾರು ದಿನ ಹಿಡಿಯಬಹುದು, ಬಂದರೆ ಕೆಲವು ದಿನ ನಿಲ್ಲುತ್ತದೆ. ಕೆಂಪು ಮರಳು ನೆಲದಲ್ಲಿ ಮಾರನೇ ದಿನವೇ ಬಂದು ಎರಡು ಮೂರು ದಿನದಲ್ಲಿ ಹಾರಿಹೋಗುತ್ತದೆ. ಬೀಜ, ಕೂರಿಗೆ, ಬಾಡಿಗೆ ಟ್ರ್ಯಾಕ್ಟರ್ ಎಲ್ಲವನ್ನೂ ಮಳೆಗೆ ಮೊದಲೇ ಗೊತ್ತುಮಾಡಿಟ್ಟುಕೊಂಡಿರಬೇಕಾದದ್ದು ಈ ಎರ್ರ ನೇಲದವರೇ.